ಕಪ್ಪೆಯ ಪುಸ್ತಕ, ಹುಳದ ಪುಸ್ತಕ

ಭವಾನಿ ಹತ್ತು ಗಂಟೆಯ ಬಸ್ಸಿಗೆ ಬಂದಿಳಿದು ನೇರ ಗುಡ್ಡಕ್ಕೇ ಬರುತ್ತಾಳೆಂದು ಗೊತ್ತಿದ್ದದ್ದರಿಂದಲೇ ವಿರುಪಣ್ಣ ಆ ದಿನ ಹುಳ ಎಣಿಸುವುದನ್ನು ಬೇಕೆಂದೇ ನಿಧಾನ ಮಾಡಿದ. ಅಂಚಿನವರೆಗೆ ನೆಲದಲ್ಲಿ ಹೂತ ಪ್ಲಾಸ್ಟಿಕ್ ಲೋಟ, ಅದರ ಬಾಯಿಗೆ ಅಡ್ಡವಾಗಿ ಒಂದು ಪುಂಡಿ ಕಡ್ಡಿ, ಕಡ್ಡಿಗೆ ಕಟ್ಟಿದ ಅರಿವೆಯ ಗಂಟಿನಲ್ಲಿ ಒಂದು ಹಿಡಿ ಹಸಿ ಸಗಣಿ. ಆ ವಾಸನೆಗೆ ಬಂದ ಸಗಣಿ ಹುಳಗಳು ಒಳಗೆ ಬಿದ್ದು, ಮೇಲೇರಲಾರದೆ ಒಂದರ ಬೆನ್ನ ಮೇಲೊಂದು ಒದ್ದಾಡುತ್ತಿದ್ದವು. ಒಂದೊಂದನ್ನೇ ಎತ್ತಿ ಹೊರಗೆ ಬಿಡುತ್ತ, ಹದಿನೇಳು, ಹದಿನೆಂಟು ಎಂದು ಬಾಯಲ್ಲೇ ಅಂದುಕೊಂಡು, ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದ. ಬರೆದದ್ದನ್ನು ಇನ್ನೊಮ್ಮೆ ಓದಿದ. ಹುಳಗಳು ಅವನ ಕಡೆ ತಿರುಗಿಯೂ ನೋಡದೆ ಕಲ್ಲಿನ ಸಂದಿಗೆ ಹೋದವು. ಕೆಂಪು ರಟ್ಟಿನ ಪುಸ್ತಕ ಚೀಲದಲ್ಲೇ ಇತ್ತು. ನೀಲಿ ಹುಳಕ್ಕೆ, ಕೆಂಪು ಕಪ್ಪೆಗೆ. ಕೆಂಪಿನದನ್ನು ಹೊರಗೆ ತೆಗೆಯಲು ಇವತ್ತು ಅವನಿಗೆ ಕೈ ಬರಲಿಲ್ಲ.

ಭವಾನಿ ಗಂಗಾವತಿಯ ಅಕ್ಕಿ ವ್ಯಾಪಾರಿಯ ಮಗಳು. ಧಾರವಾಡದಲ್ಲಿ ಓದುತ್ತಿದ್ದಳು. ಇಡೀ ಸೀಮೆಯಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಒಂದು ಸಣ್ಣ ಕಪ್ಪೆ, ಎಲ್ಲಿ ಕಾಲಿಟ್ಟರೂ ಸಿಗುವ ಒಂದು ಹುಳ, ಎರಡೂ ಒಂದೇ ಗುಡ್ಡದಲ್ಲಿ ಹೇಗೆ ಬದುಕುತ್ತವೆಂದು ಪಕ್ಕಪಕ್ಕ ಇಟ್ಟು ನೋಡುವುದು ಆಕೆಯ ಅಧ್ಯಯನ. ಹುಲಿಹೈದರದ ಹಿಂದಿನ ಗುಡ್ಡದಲ್ಲಿ ಮಳೆಯ ನೀರು ನಿಲ್ಲುವ ಒಂಬತ್ತು ಕಲ್ಲುಗುಂಡಿಗಳಿಗೆ, ಊರವರ ಮಾತಿನಲ್ಲಿ ದೊಣೆಗಳಿಗೆ, ಆಕೆಯೇ ಬಿಳಿ ಬಣ್ಣದಲ್ಲಿ ಅಂಕಿ ಬರೆದಿದ್ದಳು. ತಾನು ತಿಂಗಳಿಗೊಮ್ಮೆ ಬರುವುದು, ಉಳಿದ ವಾರಗಳಲ್ಲಿ ವಿರುಪಣ್ಣ ಎಣಿಸುವುದು ಎಂದು ಮಾತಾಗಿತ್ತು. ಐವತ್ತೆರಡರ ವಯಸ್ಸಿನಲ್ಲಿ ಒಬ್ಬರು ತನ್ನ ಎಣಿಕೆಯನ್ನು ನಂಬಿ ಪುಸ್ತಕ ಕೊಟ್ಟರಲ್ಲ ಎಂದು ಅವನಿಗೆ ಮೊದಮೊದಲು ಭೂಮಿಯ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಚಹಾದಂಗಡಿಯಲ್ಲಿ ಹನಮಪ್ಪ, "ಏನಪಾ ವಿರುಪಣ್ಣ, ನಿನ್ನ ಕಪ್ಪಿ ಗಂಡ ಹಡೀತೋ ಹೆಣ್ಣ ಹಡೀತೋ?" ಎಂದು ಎಲ್ಲರ ಮುಂದೆ ಕೇಳಿದರೂ ನಕ್ಕು ಸುಮ್ಮನಾಗುತ್ತಿದ್ದ. ಕಪ್ಪೆಗಾದರೆ ಕ್ಯಾಮೆರಾ ಇತ್ತು, ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ನಕ್ಕವರೂ ಆಮೇಲೆ ಮೆಲ್ಲಗೆ, ಖರೇನ ಅಷ್ಟು ದೊಡ್ಡ ಹೆಸರಿನ ಕಪ್ಪಿ ಏನು ಎಂದು ವಿಚಾರಿಸುತ್ತಿದ್ದರು. ಹುಳದ ಸುದ್ದಿಯನ್ನು ಮಾತ್ರ ಅವನು ಊರಲ್ಲಿ ಬಾಯಿಬಿಟ್ಟಿರಲಿಲ್ಲ. ಸಗಣಿ ಹುಳ ಎಣಿಸುತ್ತಾನೆಂದು ತಿಳಿದರೆ ಆ ಹೆಸರು ಮೊಮ್ಮಕ್ಕಳವರೆಗೆ ಅಂಟಿಕೊಳ್ಳುತ್ತದೆ ಎಂದು ಅವನಿಗೆ ಗೊತ್ತಿತ್ತು.

ಎರಡನೆಯ ಲೋಟದಲ್ಲಿ ಇಪ್ಪತ್ತೆರಡು. ಹಿಂದೆ ರಾಶಿ ಅಳೆಯುತ್ತಿದ್ದಾಗ ಕಣದಲ್ಲಿ ಅವನು ಇಷ್ಟು ಮೆಲ್ಲಗೆ ಎಣಿಸಿದವನೇ ಅಲ್ಲ. ಜೋಳದ ರಾಶಿಯ ಮುಂದೆ ಮಂಡಿಯೂರಿ ಕೂತು ಕೊಳಗ ತುಂಬಿ ಸುರಿಯುತ್ತಿದ್ದರೆ ಸುತ್ತ ನಿಂತವರು ಮಾತು ನಿಲ್ಲಿಸುತ್ತಿದ್ದರು. ವಿರುಪಣ್ಣನ ಕೈಗುಣ ಛಲೋ, ಅವ ಅಳದರ ರಾಶಿ ಹೆಚ್ಚತೈತಿ ಎಂದು ಸುತ್ತಲಿನ ನಾಲ್ಕು ಊರಿನವರು ಕರೆಕಳಿಸುತ್ತಿದ್ದರು. ಅಳೆಯುವವನಿಗೆ ಒಂದು ಕಟ್ಟಳೆ ಇತ್ತು. ರಾಶಿಯನ್ನು ಪೂರ್ತಿ ಬಳಿಯಬಾರದು. ಕೊನೆಗೊಂದು ಬೊಗಸೆ ಕಣದಲ್ಲಿ ಬಿಡಬೇಕು. ನೆಲ ಬರಿದಾಯಿತು ಎಂದು ಅನ್ನಲೂಬಾರದು, ಅನ್ನಿಸಲೂಬಾರದು. ಅಪ್ಪ ಕಲಿಸಿದ್ದು ಇಷ್ಟೇ. ಕೊಪ್ಪಳ ಜಿಲ್ಲೆಯಾದ ವರ್ಷದ ಸುಗ್ಗಿಯಲ್ಲಿ ದೇವೇಂದ್ರಪ್ಪನ ಕಣದಲ್ಲಿ ಅವನು ಹಾಗೇ ಒಂದು ಬೊಗಸೆ ಬಿಟ್ಟು ಏಳುವಾಗ ದೇವೇಂದ್ರಪ್ಪನ ಮಗ, ಹೊಸದಾಗಿ ವ್ಯವಹಾರಕ್ಕಿಳಿದವನು, "ಆ ಕಾಳು ಕಡೀಕ ಯಾರ ಮನೀಗಿ ಹೋಗ್ತಾವ, ನಮಗೇನ ಗೊತ್ತಿಲ್ಲೇನು? ಆ ಟವೆಲ್ ಬಿಚ್ಚು ನೋಡೂನು" ಅಂದ. ದೇವೇಂದ್ರಪ್ಪ ಆಕಳ ಕಡೆ ನೋಡುತ್ತ ನಿಂತ. ಬೇಡ ಅನ್ನಲಿಲ್ಲ. ಇಪ್ಪತ್ತು ಜನರ ಮುಂದೆ ವಿರುಪಣ್ಣ ಟವೆಲಿನ ಗಂಟು ಬಿಚ್ಚಿದ. ಎರಡು ರೊಟ್ಟಿ, ನಡುವೆ ಒತ್ತಿದ ಕೆಂಪಿಂಡಿ ಚಟ್ನಿ. ಯಾರೋ ಕಿಸಕ್ಕನೆ ನಕ್ಕರು. ಮತ್ತೆ ಅವನು ಯಾರ ಕಣವನ್ನೂ ಹತ್ತಲಿಲ್ಲ. ಅಷ್ಟರಲ್ಲಿ ಊರೂರಿಗೆ ತೂಕದ ಯಂತ್ರಗಳೂ ಬಂದಿದ್ದವು, ಹಾಗಾಗಿ ಅವನು ಬಿಟ್ಟದ್ದನ್ನು ಯಾರೂ ಗಮನಿಸಲಿಲ್ಲ.

ಅವತ್ತು ಕಳ್ಳ ಆಗಿರಲಿಲ್ಲ, ಇವತ್ತು ಆಗಿದ್ದೇನೆ ಎಂದು ಅವನು ಲೋಟವನ್ನು ತಿರುಗಿ ಹೂಳುತ್ತ ಅಂದುಕೊಂಡ. ಜೂನ್‌ನಲ್ಲಿ ಐದನೆಯ ದೊಣೆಯಲ್ಲಿ ಆರು ಕಪ್ಪೆ ಇದ್ದವು. ಬೆನ್ನ ಮೇಲೆ ಹಳದಿ ಗೆರೆ, ಹುಣಸೆ ಬೀಜದಂಥ ಹೊಳೆವ ಕಣ್ಣು. ಉಳಿದ ಎಂಟು ದೊಣೆಗಳಲ್ಲಿ ಆಗಲೇ ಏನೂ ಇರಲಿಲ್ಲ, ಅವುಗಳ ಜಾಗವನ್ನು ಪುಸ್ತಕದಲ್ಲಿ ಖಾಲಿ ಬಿಡುತ್ತಿದ್ದ. ಆರು ಇದ್ದದ್ದು ನಾಲ್ಕಾಯಿತು, ಮೂರಾಯಿತು, ಒಂದಾಯಿತು. ಗುಡ್ಡದ ಬುಡದಲ್ಲಿ ಕಲ್ಲು ಒಡೆಯುವ ಕ್ರಷರ್ ಶುರುವಾಗಿ ದೊಣೆಯ ನೀರಿನ ಮೇಲೆ ಬಿಳಿಯ ಪುಡಿ ಕೆನೆಗಟ್ಟುತ್ತಿತ್ತು. ನಾಗರ ಪಂಚಮಿಯ ಮರುದಿನ ಅವನು ಬಾಯಲ್ಲಿ ಇನ್ನೂ ಎಳ್ಳುಂಡಿಯ ಸಿಹಿ ಇಟ್ಟುಕೊಂಡು ಗುಡ್ಡ ಹತ್ತಿದಾಗ ಅಲ್ಲಿ ಒಂದೂ ಇರಲಿಲ್ಲ. ಕಲ್ಲೆತ್ತಿ ನೋಡಿದ, ಸಂದಿಯಲ್ಲಿ ಕಡ್ಡಿ ಆಡಿಸಿದ, ಒಂದು ತಾಸು ಉಸಿರು ಬಿಗಿಹಿಡಿದು ಕೂತ. ಆಗಲೇ ಭವಾನಿಯ ಫೋನು. ಹಬ್ಬಕ್ಕೆ ಗಂಗಾವತಿಗೆ ಬಂದಿದ್ದಳು. "ಮನ್ಯಾಗ ಎಲ್ಲಾರೂ ನಗಾಕತ್ಯಾರ್ರಿ ವಿರುಪಣ್ಣ. ಕಪ್ಪಿ ಹಿಂದ ಓಡಾಡಾಕ ಇಷ್ಟು ಓದಬೇಕಿತ್ತೇನು ಅಂತಾರ. ಅವು ಅದಾವಲ್ರಿ? ಒಂದಾದ್ರೂ ಐತಿ ಅನ್ರಿ, ಸಾಕು." ಅವಳ ದನಿ ಒಡೆದಿತ್ತು. ಹಬ್ಬದ ಹೊತ್ತಿನಲ್ಲಿ, ಮಗಳ ವಯಸ್ಸಿನ ಹುಡುಗಿ, ಅಷ್ಟು ಆಸೆಯಿಂದ ಕೇಳುವಾಗ ಬರಿದಾಯಿತು ಎಂದು ಹೇಗೆ ಹೇಳುವುದು? ಐತ್ರಿ ಅಕ್ಕಾರ, ಒಂದೈತಿ, ಅಂದ. ಪುಸ್ತಕದಲ್ಲೂ ಒಂದು ಎಂದು ಬರೆದ. ಕಣದಲ್ಲಿ ಒಂದು ಬೊಗಸೆ ಬಿಟ್ಟಷ್ಟೇ ಸಹಜವಾಗಿತ್ತು ಅದು. ಮರುವಾರವೂ ಒಂದು. ಅದರ ಮರುವಾರವೂ.

ಒಂದು ಸುಳ್ಳಿಗೆ ಒಂಬತ್ತು ಸುಳ್ಳಿನ ಊರುಗೋಲು ಬೇಕು. ಕಳೆದ ತಿಂಗಳು ಭವಾನಿ ಬಂದು ಐದನೆಯ ದೊಣೆಯ ಹತ್ತಿರ ಎರಡು ತಾಸು ಬಿಸಿಲಲ್ಲಿ ಕೂತಳು. ಮುಖ ಕೆಂಪಾಗಿ, ತುಟಿ ಒಣಗಿ, ಕ್ಯಾಮೆರಾ ಹಿಡಿದೇ ಕೂತಳು. "ಈಗ ಇತ್ತಲ್ರಿ, ನಿಮ್ಮ ಹೆಜ್ಜಿ ಸಪ್ಪಳಕ್ಕ ಒಳಗ ಹೋತು" ಎಂದು ಅವನು ಸಂದಿಯನ್ನು ತೋರಿಸಿದ. ಅವಳು ನಂಬಿದಳು. ತನ್ನ ಕಾಲಿನ ಬೂಟನ್ನೇ ಬೈದುಕೊಂಡು ಅದನ್ನು ಕಳಚಿ ಬರಿಗಾಲಲ್ಲಿ ಸುಡುವ ಬಂಡೆಯ ಮೇಲೆ ಮತ್ತೆ ಕೂತಳು. ಆ ಬರಿಗಾಲು ಇವತ್ತಿಗೂ ಅವನ ಕಣ್ಣಿಗೆ ಬಂದರೆ ಊಟ ಸೇರುವುದಿಲ್ಲ. ಇವತ್ತು ಬೆಳಿಗ್ಗೆ ಹೆಂಡತಿ ಯಮನೂರಮ್ಮ ರೊಟ್ಟಿಯನ್ನು ತಾಟಿಗೆ ಹಾಕುತ್ತ, "ಅಲ್ರೀ, ಮೂರು ದಿನದಿಂದ ರೊಟ್ಟಿ ಮುಂದ ಕುಂತು ಬಾಗಲಾ ನೋಡಾಕತ್ತೀರಿ. ಯಾರ ಬರೋರದಾರ, ಪೊಲೀಸ್ರೇನು?" ಎಂದಳು. ಸುಮ್ಮನೆ ತಮಾಷೆಗೆ ಅಂದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನು, ನಾ ಏನ ಮಾಡೀನಿ ಪೊಲೀಸ್ರು ಬರಾಕ ಎಂದು ರೇಗಿ ಎದ್ದು ಬಂದಿದ್ದ.

"ವಿರುಪಣ್ಣ! ಭಾಳ ಹೊತ್ತಾತೇನ್ರಿ ಬಂದು?" ಭವಾನಿ ಏದುಸಿರು ಬಿಡುತ್ತ ಬಂಡೆ ಹತ್ತಿ ಬಂದಳು. ಇವತ್ತು ಅವಳ ಕಾಲಲ್ಲಿ ಬೂಟಿರಲಿಲ್ಲ, ಮೆತ್ತನೆಯ ರಬ್ಬರಿನ ಚಪ್ಪಲಿ. ಸಪ್ಪಳ ಆಗಬಾರದೆಂದು ತಂದದ್ದು ಎಂದು ಅವನಿಗೆ ಕೂಡಲೇ ತಿಳಿಯಿತು. ಚೀಲದಿಂದ ಅಚ್ಚಾದ ಹಾಳೆಗಳನ್ನು ತೆಗೆದು ಅವನ ಕೈಗಿಟ್ಟಳು. ನಾಳಿದ್ದು ಧಾರವಾಡದಲ್ಲಿ ದೊಡ್ಡ ದೊಡ್ಡವರ ಮುಂದೆ ಓದುವ ಲೇಖನ. "ಐದನೇ ದೊಣಿ ಕಪ್ಪಿ ಮ್ಯಾಲೇ ಪೂರ್ತಿ ನಿಂತೈತಿ ನೋಡ್ರಿ ಇದು. ಇಷ್ಟು ಧೂಳದಾಗ ಏಳು ವಾರ ಒಂದೇ ಒಂದು ಕಪ್ಪಿ ತಡಕೊಂಡು ಉಳದೈತಿ. ಅದಕ್ಕ ಆ ದೊಣಿ ಕಾಪಾಡಬೇಕು ಅಂತ ಕೇಳಾಕತ್ತೀನಿ. ಇಲ್ಲಿ ನೋಡ್ರಿ, ನಿಮ್ಮ ಹೆಸರೂ ಹಾಕೀನಿ." ಕೊನೆಯ ಹಾಳೆಯಲ್ಲಿ ಇಂಗ್ಲಿಷಿನ ನಡುವೆ ಅವನಿಗಾಗಿಯೇ ಕನ್ನಡದಲ್ಲಿ ಒಂದು ಸಾಲಿತ್ತು. ಎಣಿಕೆ: ವಿರುಪಣ್ಣ, ಹುಲಿಹೈದರ. ಅವನು ತನ್ನ ಹೆಸರನ್ನು ಅಚ್ಚಿನಲ್ಲಿ ನೋಡಿದ್ದು ಮತದಾರರ ಪಟ್ಟಿ ಬಿಟ್ಟರೆ ಇದೇ ಮೊದಲು. ಎಣಿಕೆ ಎಂಬ ಮಾತಿನ ಪಕ್ಕದಲ್ಲಿ ಅದು ಕೂತಿತ್ತು. ಅವನಿಗೆ ಅದನ್ನು ಹಿಡಿದು ನಿಲ್ಲಲು ಆಗಲಿಲ್ಲ. ಹಾಳೆಗಳನ್ನು ಬಂಡೆಯ ಮೇಲಿಟ್ಟು, ಹಾರದಂತೆ ಒಂದು ಕಲ್ಲಿಟ್ಟ.

"ಅಕ್ಕಾರ, ಅದು ಇಲ್ರೀ."

"ಏನು ಇಲ್ಲ?"

"ಕಪ್ಪಿ ಇಲ್ರೀ. ಪಂಚಮಿಯಿಂದ ಇಲ್ಲ. ನಾ ಸುಳ್ಳ ಬರದೀನಿ."

ಭವಾನಿ ಮೊದಲು ನಕ್ಕಳು. ಆಮೇಲೆ ಅವನ ಮುಖ ನೋಡಿದಳು. ಕೆಳಗೆ ಕ್ರಷರ್ ಒಂದೇ ಸಮ ಕಲ್ಲು ಅಗಿಯುತ್ತಿತ್ತು. "ಹೋದ ತಿಂಗಳ ನಾ ಬಂದಾಗ?" ಎಂದಳು. ಆಗಲೂ ಇರಲಿಲ್ಲ ಎಂದು ಅವನು ತಲೆ ಅಲ್ಲಾಡಿಸಿದ. "ಒಳಗ ಹೋತು ಅಂದ್ರಲ್ಲ? ನಾ ಬೂಟ್ ಬಿಚ್ಚಿ ಕುಂತೆ. ನೀವು ಬಾಜೂಕ ನಿಂತು ನೋಡಿದ್ರಿ. ನಾ ಅಷ್ಟು ಹುಚ್ಚಿ ಕಂಡೆ ಏನ್ರಿ ನಿಮಗ?" ಅವಳ ದನಿ ಏರಿತು, ಕಣ್ಣಲ್ಲಿ ನೀರು ತುಂಬಿತು. ಸಿಟ್ಟಿನ ನೀರು. ಅವನು ಹೇಳಬೇಕೆಂದುಕೊಂಡಿದ್ದೆಲ್ಲ, ಕಣ, ಅಪ್ಪ, ಕೊನೆಯ ಬೊಗಸೆ, ಹಬ್ಬದ ಹೊತ್ತಿನ ಫೋನು, ತಡಬಡವಾಗಿ ಹೊರಗೆ ಬಂತು. ಹೇಳುತ್ತ ಹೇಳುತ್ತ ಅದು ತನಗೇ ಎಷ್ಟು ಬಡಕಲಾಗಿ ಕೇಳಿಸುತ್ತಿದೆ ಎಂದು ಅವನಿಗೆ ನಾಚಿಕೆಯಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈ ಹುಡುಗಿಯ ಒಂದು ವರ್ಷದ ಕೆಲಸದ ಮೇಲೆ ದೊಣ್ಣೆ ಎತ್ತಿದವನು ತಾನೇ.

"ಕಪ್ಪಿ ಅಂದ್ರ ರಾಶಿ ಅಲ್ರಿ ವಿರುಪಣ್ಣ."

"ಖರೇ ಐತ್ರಿ."

"ನೀವು ಒಂದು ಐತಿ ಅಂತ ಬರದ್ರಿ. ಐತಿ ಅಂದಮ್ಯಾಲೆ ನಾ ಬ್ಯಾರೆ ಕಡೆ ಯಾಕ ಹುಡುಕ್ಲಿ? ಏಳು ವಾರ ಕೈಕಟ್ಟಿ ಕುಂತೆ. ಅಷ್ಟರಾಗ ಎಲ್ಲೆರ ಇದ್ವು ಅಂದ್ರ ಅವೂ ಹೋಗಿರ್ತಾವ."

ಈ ಮಾತು ಅವನಿಗೆ ಹೊಳೆದೇ ಇರಲಿಲ್ಲ. ಹುಡುಗಿಯ ಮನಸ್ಸು ನೋಯಬಾರದೆಂದು ಬರೆದ ಒಂದು ಅಂಕಿ ಹುಡುಕುವ ಕಾಲುಗಳನ್ನೇ ಕಟ್ಟಿಹಾಕಿತ್ತು. ಸುಳ್ಳು ಹೇಳಿದ್ದಕ್ಕಿಂತ ಇದು ಹೆಚ್ಚು ಚುಚ್ಚಿತು. ಭವಾನಿ ಕಣ್ಣೊರೆಸಿಕೊಂಡು ಕೆಂಪು ಪುಸ್ತಕ ಕೇಳಿದಳು. ಅವನು ಚೀಲದಿಂದ ತೆಗೆದು ಕೊಟ್ಟ. ಅವಳು ಅದನ್ನು ತೆರೆದು ಅವನಿಗೇ ತಿರುಗಿ ಕೊಟ್ಟಳು. "ನೀವ ಬರದೀರಿ, ನೀವ ಗೀಟು ಹೊಡೀರಿ. ಬಾಜೂಕ ಸೊನ್ನಿ ಹಾಕಿ ಸಹಿ ಮಾಡ್ರಿ. ಏಳೂ ವಾರದ್ದು." ವಿರುಪಣ್ಣ ಪೆನ್ನು ಹಿಡಿದ. ಸೊನ್ನೆಯನ್ನು ಅವನು ಜೀವಮಾನದಲ್ಲಿ ಹತ್ತರ, ನೂರರ ಬೆನ್ನಿಗೆ ಬರೆದಿದ್ದನೇ ಹೊರತು ಒಂಟಿಯಾಗಿ ಬರೆದವನಲ್ಲ. ಮೊದಲನೆಯದು ಸೊಟ್ಟಗಾಯಿತು. ಎರಡನೆಯದನ್ನು ಬರೆಯುವಾಗ ದೊಣೆಯ ಬಿಳಿಪುಡಿಯ ನೀರು ಕಣ್ಣ ಮುಂದೆ ಬಂತು. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಒಂದು ವಿಚಿತ್ರವಾದ ಹಗುರ, ಹೊತ್ತ ಚೀಲವನ್ನು ಇಳಿಸಿದ ಮೇಲೆ ಬೆನ್ನಿಗೆ ಆಗುತ್ತದಲ್ಲ, ಅಂಥದ್ದು. ಬರಿದು ಎಂದು ಬರೆದರೂ ಆಕಾಶವೇನೂ ಬೀಳಲಿಲ್ಲ. ಏಳು ಸೊನ್ನೆ, ಏಳು ಸಹಿ. ಕೆಳಗೆ ಯಾರದೋ ಕೋಳಿ ಕೂಗುತ್ತಿತ್ತು.

ಭವಾನಿ ಅಷ್ಟು ಹೊತ್ತೂ ನೀಲಿ ಪುಸ್ತಕ ತಿರುವುತ್ತಿದ್ದಳು. ಓದಲಿಕ್ಕಲ್ಲ, ಅವನ ಕಡೆ ನೋಡಬಾರದೆಂದು. "ಇದರಾಗೂ ಹಿಂಗ ಮಾಡೀರೇನು?" ಎಂದಳು.

"ಇಲ್ರೀ. ಹುಳ ಯಾರಿಗೆ ಬೇಕಾಗಿತ್ತ್ರಿ? ಎಷ್ಟಿದ್ರೂ ನೀವು ಖುಷಿ ಆಗಂಗಿಲ್ಲ, ಒಂದೂ ಇಲ್ಲಂದ್ರೂ ಅಳಂಗಿಲ್ಲ. ಅದರ ಮ್ಯಾಲೆ ಯಾಕ ಸುಳ್ಳ ಹೇಳ್ಲಿ?"

ಹೇಳಿದ ಮೇಲೆ ಉದ್ಧಟತನವಾಯಿತೇನೋ ಎಂದು ಹೆದರಿದ. ಭವಾನಿ ಮಾತ್ರ ಪುಟಗಳನ್ನು ಹಿಂದಕ್ಕೆ ತಿರುವಿ, ಈ ಸಲ ನಿಜವಾಗಿ ಓದತೊಡಗಿದಳು. ಕ್ರಷರ್ ಕಡೆಯ ಲೋಟಗಳಲ್ಲಿ ಜೂನ್‌ನಲ್ಲಿ ನಲವತ್ತು, ನಲವತ್ತೆರಡು. ಈಗ ಹದಿನೆಂಟು, ಇಪ್ಪತ್ತೆರಡು. "ಇವೂ ಅರ್ಧಕ್ಕ ಇಳದಾವಲ್ರಿ! ನಾ ನೋಡೇ ಇಲ್ಲ" ಎಂದು ಬೆರಳಿಟ್ಟಳು. ಸಾಮಾನ್ಯ ಹುಳ, ಇನ್ನೂ ಲೋಟದ ತುಂಬ ಕಾಣುತ್ತಿತ್ತು, ಹಾಗಾಗಿ ಕಡಿಮೆಯಾಗುತ್ತಿದೆ ಎಂದು ಇಬ್ಬರಿಗೂ ಅನ್ನಿಸಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ಗುಡ್ಡದ ಉತ್ತರದ ಮಗ್ಗುಲಿನ ಮೂರು ಲೋಟಗಳ ಪುಟ ಬಂತು. ಅಲ್ಲಿ ತಿಂಗಳಿಂದ ತಿಂಗಳಿಗೆ ಮೂವತ್ತು, ನಲವತ್ತೈದು, ಅರವತ್ತು. ಏರುತ್ತಲೇ ಹೋಗಿತ್ತು.

"ಇಲ್ಯಾಕ ಹೆಚ್ಚಾಗ್ಯಾವ?"

ವಿರುಪಣ್ಣ ಉತ್ತರಿಸಲು ಬಾಯಿ ತೆರೆದವನು ತಡೆದುಕೊಂಡ. ತನ್ನ ಮಾತಿಗೆ ಇನ್ನು ಬೆಲೆಯೆಲ್ಲಿ? ಆದರೂ ಕೇಳಿದ್ದು ಹುಳದ ಮಾತು, ಅದರಲ್ಲಿ ಅವನು ತಪ್ಪಿರಲಿಲ್ಲ. "ಆ ಕಡೆ ಕುರಿ ಬರ್ತಾವ್ರಿ. ಮದ್ಲ ಈ ಕಡೆ ಬರ್ತಿದ್ವು. ನೀರಾಗ ಧೂಳ ಕುಂತಮ್ಯಾಲೆ ಕುರುಬ್ರು ಆ ಮಗ್ಗಲಿಗೆ ಹೊಡಕೊಂಡು ಹೋಗ್ತಾರ. ಹಿಕ್ಕಿ ಇದ್ದಲ್ಲಿ ಹುಳ." ತಾನು ಏನು ಹೇಳುತ್ತಿದ್ದೇನೆಂದು ಅವನಿಗೇ ಆಗ ಕಂಡಿತು. "ಕುರಿ ದಿನಾ ಹೋಗ್ತಾವ ಅಂದ್ರ ಅಲ್ಲೆಲ್ಲೋ ಛಲೋ ನೀರ ಐತ್ರಿ, ಅಕ್ಕಾರ. ನಮ್ಮ ಒಂಬತ್ತರಾಗ ಇಲ್ಲದ್ದು."

ಭವಾನಿ ಎದ್ದಳು. ಕ್ಷಮಿಸಿದೆ ಎಂದಾಗಲಿ, ಬನ್ನಿ ಎಂದಾಗಲಿ ಅನ್ನಲಿಲ್ಲ. ಎರಡೂ ಪುಸ್ತಕಗಳನ್ನು ಕಂಕುಳಿಗೆ ಹಾಕಿಕೊಂಡು ಉತ್ತರದ ಕಡೆ ನಡೆದಳು. ಅವನು ಹತ್ತು ಹೆಜ್ಜೆ ಹಿಂದೆ ನಡೆದ. ಮುಂದೆ ಹೋಗಿ ದಾರಿ ತೋರಿಸುವ ಧೈರ್ಯವಿರಲಿಲ್ಲ. ಎರಡು ಬಂಡೆಗಳ ನಡುವೆ ಅವಳು ಯಾವ ಕಡೆ ಇಳಿಯಬೇಕೆಂದು ತಿಳಿಯದೆ ನಿಂತಾಗ ಮಾತ್ರ, "ಎಡಕ್ರೀ" ಎಂದ. ಅವಳು ಎಡಕ್ಕೆ ಇಳಿದಳು. ಇಷ್ಟು ಸಣ್ಣ ಮಾತನ್ನಾದರೂ ಅವಳು ನಂಬಿದಳು. ಇಳಿದು ಮತ್ತೆ ಮೇಲೆ ಹತ್ತಿದಾಗ ದೂರದಲ್ಲಿ ಕಾರಟಗಿಯ ಕಡೆಯ ಭತ್ತದ ಗದ್ದೆಗಳ ಹಸಿರು ಕಾಣಿಸಿತು. ಕ್ರಷರಿನ ಸದ್ದು ಗುಡ್ಡದ ಹಿಂದೆ ಉಳಿಯಿತು. ನೆಲದ ತುಂಬ ಕುರಿಯ ಹಿಕ್ಕೆ, ಅದರ ನಡುವೆ ಹಿಂಗಾಲಿನಿಂದ ಉಂಡೆ ತಳ್ಳುತ್ತ, ತಲೆಕೆಳಗಾಗಿ, ಯಾರ ಹಂಗೂ ಇಲ್ಲದೆ ಹೊರಟ ಹುಳಗಳು. ಚಪ್ಪಲಿಗೆ ಸಿಗದಂತೆ ಇಬ್ಬರೂ ಕಾಲು ನೋಡಿ ಇಡುತ್ತ ನಡೆದರು.

ಕುರಿಗಳ ಹೆಜ್ಜೆಯೇ ಅವರನ್ನು ಅಲ್ಲಿಗೆ ಮುಟ್ಟಿಸಿತು. ಒಂದು ದೊಡ್ಡ ಬಂಡೆ ಇನ್ನೊಂದರ ಮೇಲೆ ಒರಗಿ ಚಪ್ಪರದಂತೆ ಆಗಿತ್ತು. ಹೊರಗಿನ ದೊಣೆಯಲ್ಲಿ ಕುರಿಗಳು ಕುಡಿದು ರಾಡಿಯಾದ ನೀರು. ಅದೇ ನೀರು ಬಂಡೆಯ ಅಡಿಗೆ ಸರಿದು ಒಳಗೆ, ಕುರಿಯ ಮೂತಿ ತಲುಪದ ಕಡೆ, ತಿಳಿಯಾಗಿ ನಿಂತಂತಿತ್ತು. ಒಬ್ಬರು ಮಾತ್ರ ಹೊಟ್ಟೆಯ ಮೇಲೆ ಮಲಗಿ ತಲೆ ತೂರಿಸುವಷ್ಟು ಸಂದಿ. ಭವಾನಿ ಅವನ ಕಡೆ ನೋಡಿದಳು, ಅವನು ಅವಳ ಕಡೆ. "ನೀವ ನೋಡ್ರಿ ಅಕ್ಕಾರ" ಎಂದ. ಅವಳು ಪಕ್ಕಕ್ಕೆ ಸರಿದು, ಕೈಯಿಂದ ಸಂದಿಯನ್ನು ತೋರಿಸಿದಳು. ವಿರುಪಣ್ಣ ಟವೆಲ್ ತೆಗೆದು ಮಡಚಿಟ್ಟು ಮಲಗಿದ. ಕಲ್ಲು ಎದೆಗೆ ತಣ್ಣಗೆ ಹತ್ತಿತು. ಮೊದಲು ಕತ್ತಲೆ ಬಿಟ್ಟು ಏನೂ ಇರಲಿಲ್ಲ. ಇಲ್ಲದಿದ್ದರೆ ಇಲ್ಲ ಅನ್ನುತ್ತೇನೆ ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡ. ಇಲ್ಲ ಎನ್ನಲು ಬಾಯಿ ಸಿದ್ಧವಾಗಿದೆ ಎಂದು ತಿಳಿದಾಗ ಒಳಗೊಂದು ನೆಮ್ಮದಿ ಬಂತು. ಕಣ್ಣು ಕತ್ತಲೆಗೆ ಹೊಂದಿತು. ನೀರಿನ ಅಂಚು ಕಂಡಿತು. ಅಂಚಿನಲ್ಲಿ ಒಂದು ಹಳದಿ ಗೆರೆ. ಗೆರೆಯ ಅಡಿಯಲ್ಲಿ ಗಂಟಲು ಮಿಡಿಯುತ್ತಿತ್ತು. ಅದರ ಆಚೆ, ಗೇಣು ದೂರದಲ್ಲಿ, ಇನ್ನೊಂದು ಗೆರೆ. ಅವನ ಕಣ್ಣಿಂದ ನೀರು ಇಳಿದು ಕಲ್ಲಿನ ಮೇಲೆ ಬಿತ್ತು. ಅವನು ಉಸಿರಾಡದೆ, ಮೂಲೆಯಿಂದ ಮೂಲೆಗೆ ಇನ್ನೊಮ್ಮೆ ನೋಡಿ, ಮೆಲ್ಲಗೆ ಹಿಂದಕ್ಕೆ ಸರಿದು ಎದ್ದು ಕೂತ. ಅಂಗಿಯ ತುಂಬ ಹಿಕ್ಕೆ ಮೆತ್ತಿತ್ತು.

ಭವಾನಿಯ ಮುಖ ಬಿಳಿಚಿತ್ತು. "ಎಷ್ಟು?" ಎಂದಳು.

"ಎರಡ್ರಿ. ಮೂಲ್ಯಾಗ ಮೂರನೇದು ಇದ್ದಂಗ ಐತಿ, ಆದ್ರ ನೆರಳೂ ಇರಬೌದು. ಖಾತ್ರಿ ಇಲ್ರೀ. ನೀವೊಮ್ಮೆ ನೋಡ್ರಿ, ನೋಡಿ ನೀವ ಬರೀರಿ."

ಅವಳು ಸಂದಿಯ ಕಡೆ ಒಂದು ಹೆಜ್ಜೆ ಇಟ್ಟವಳು ನಿಂತಳು. ಹೋಗಿ ನೋಡಬೇಕೆಂಬ ಆಸೆ ಅವಳ ಮೈಯಲ್ಲೆಲ್ಲ ಕಾಣುತ್ತಿತ್ತು. ಕಂಕುಳಿಂದ ಕೆಂಪು ಪುಸ್ತಕ ತೆಗೆದು, ಹೊಸ ಪುಟ ತೆರೆದು, ಪೆನ್ನಿನ ಸಮೇತ ಅವನ ಮುಂದೆ ಹಿಡಿದಳು.

"ನಾ ಆಮ್ಯಾಲೆ ನೋಡ್ತೀನಿ. ಮದ್ಲ ನೀವು ಬರೀರಿ."

ವಿರುಪಣ್ಣ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಎರಡು ಎಂದು ಬರೆದ. ಅವನು ಸಹಿ ಮಾಡಿ ಮುಗಿಸುವವರೆಗೂ ಕಾದಿದ್ದು, ಆಮೇಲೆಯೇ ಭವಾನಿ ಕಲ್ಲಿನ ಮೇಲೆ ಮಲಗಿ ಒಳಗೆ ನೋಡಿದಳು.